ಮಳೆಗೆ ಹೆದರಿ ಕೊಯ್ದ ಕಾಯಿ ಟೊಮೆಟೊ, ಹಣ್ಣಿಗೆ ಹಾಕುವುದು ಹೇಗೆ?

ಬಿಜೈ_ತಾರಸಿ · ಮೇ 27, ರಾತ್ರಿ

ನಮಸ್ಕಾರ. ನಿನ್ನೆ ಮಧ್ಯಾಹ್ನದಿಂದ ಮಂಗಳೂರಲ್ಲಿ ಮಳೆ ನಿಂತಿಲ್ಲ. ತಾರಸಿಯಲ್ಲಿ ಒಂಬತ್ತು ಗ್ರೋಬ್ಯಾಗ್ ಟೊಮೆಟೊ ಇತ್ತು. ಫೆಬ್ರವರಿ ಕೊನೆಗೆ ನೆಟ್ಟ ಸಸಿ. ತಡ ಮಾಡಿದ್ದು ನನ್ನದೇ ತಪ್ಪು. ಕಾಯಿ ಚೆನ್ನಾಗಿ ಹಿಡಿದಿತ್ತು, ಬಣ್ಣ ಮಾತ್ರ ಬಂದಿರಲಿಲ್ಲ. ಬೆಳಗ್ಗೆ ಹೋಗಿ ನೋಡಿದರೆ ಎರಡು ಗಿಡ ಗಾಳಿಗೆ ಮಗುಚಿ ಬಿದ್ದಿವೆ. ನಾಲ್ಕು ಕಾಯಿ ತೊಟ್ಟಿನ ಹತ್ತಿರ ಒಡೆದು ಬಾಯಿ ಬಿಟ್ಟಿವೆ. ಕೊಡೆ ಹಿಡಿದುಕೊಂಡೇ ಉಳಿದದ್ದನ್ನೆಲ್ಲ ಕೊಯ್ದು ತಂದೆ. ಒಟ್ಟು 43 ಕಾಯಿ, ಮೂರೂವರೆ ಕಿಲೋ ಇರಬಹುದು. ಐದಾರು ಕಾಯಿಯ ಬುಡದಲ್ಲಿ ಸಣ್ಣಗೆ ಕೆಂಪು ತಿರುಗಿದೆ. ಉಳಿದದ್ದೆಲ್ಲ ಹಸಿರು.

ಈಗ ಊಟದ ಮೇಜಿನ ಮೇಲೆ ಹರಡಿಟ್ಟಿದ್ದೇನೆ. ಊಟ ಎಲ್ಲಿ ಮಾಡುವುದು ಅಂತ ಹೆಂಡತಿ ಕೇಳುತ್ತಿದ್ದಾಳೆ. ಇಂಟರ್ನೆಟ್ಟಲ್ಲಿ ಹುಡುಕಿದರೆ ಎಲ್ಲರೂ "ಹಿಮ ಬೀಳುವ ಮೊದಲು ಕೊಯ್ಯಿರಿ" ಅಂತಲೇ ಶುರು ಮಾಡುತ್ತಾರೆ. ನಮಗೆ ಎಂತ ಹಿಮ ಮಾರಾಯ್ರೆ? ಇಲ್ಲಿ ಅಡುಗೆ ಮನೆಯಲ್ಲಿ 31 ಡಿಗ್ರಿ, ಗೋಡೆಯೇ ಬೆವರುತ್ತಿದೆ. ನಮ್ಮ ಕರಾವಳಿಯ ಹವೆಯಲ್ಲಿ ಹಣ್ಣಿಗೆ ಹಾಕಿ ಅನುಭವ ಇದ್ದವರು ಹೇಳಿ.

ಕಾಪು_ಅಕ್ಕ · ಮೇ 27, ರಾತ್ರಿ

ತಲೆಬಿಸಿ ಎಂತದಕ್ಕೆ? ಮಾವಿನಕಾಯಿ ಹೇಗೆ ಹಣ್ಣಿಗೆ ಹಾಕುತ್ತೇವೋ ಹಾಗೆಯೇ. ಬೈಹುಲ್ಲು ಇದ್ದರೆ ಹುಲ್ಲಿನಲ್ಲಿ, ಇಲ್ಲದಿದ್ದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡಿ. ಬೆಚ್ಚಗೆ ಇರಬೇಕು, ಅಷ್ಟೇ. ನಾಲ್ಕು ದಿನದಲ್ಲಿ ಪರಿಮಳ ಬರುತ್ತದೆ.

ಹಿರಿಯಡ್ಕ_ತೋಟ · ಮೇ 27, ರಾತ್ರಿ

ಅಕ್ಕಾ, ಮಾವಿನಕಾಯಿಗೆ ಸಿಪ್ಪೆ ದಪ್ಪ. ಟೊಮೆಟೊದ್ದು ಕಾಗದದಷ್ಟು. ಅಕ್ಕಿಯೊಳಗೆ ಒಂದು ಒಡೆದರೆ ನಿಮಗೆ ಗೊತ್ತಾಗುವ ಹೊತ್ತಿಗೆ ಅಕ್ಕಿ ಮುದ್ದೆ ಕಟ್ಟಿ ಹುಳ ಬಂದಿರುತ್ತದೆ. ಅದೂ ಮಳೆಗಾಲದಲ್ಲಿ! ದಿನಾ ಕಣ್ಣಿಗೆ ಬೀಳುವ ಕಡೆ ಇಡಬೇಕು.

ಬಿಜೈಯವರೇ, ಮೊದಲ ಕೆಲಸ, ತೊಳೆಯಬೇಡಿ. ಈಗಾಗಲೇ ಮಳೆನೀರು ಕುಡಿದು ಬಂದಿವೆ. ಹಳೆ ಪಂಚೆಯಲ್ಲಿ ಒಂದೊಂದನ್ನೂ ಒರೆಸಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಡಿ. ತೊಟ್ಟಿನ ಗುಳಿಯಲ್ಲಿ ನೀರು ನಿಂತರೆ ಬೂಷ್ಟು ಅಲ್ಲಿಂದಲೇ ಶುರು. ಒಡೆದದ್ದನ್ನು ಇವುಗಳ ಜೊತೆ ಸೇರಿಸಲೇಬೇಡಿ, ನಾಳೆಯೇ ಚಟ್ನಿಗೆ ಹಾಕಿ.

ಎರಡನೆಯದು, ಬಲಿತದ್ದು ಯಾವುದು, ಎಳತು ಯಾವುದು ಅಂತ ಆರಿಸಿ. ಎಳೆಕಾಯಿ ನೀವು ದೇವರ ಕೋಣೆಯಲ್ಲಿಟ್ಟರೂ ಹಣ್ಣಾಗುವುದಿಲ್ಲ. ಸುಕ್ಕುಗಟ್ಟಿ ಹೋಗುತ್ತದೆ.

ಬಿಜೈ_ತಾರಸಿ · ಮೇ 27, ರಾತ್ರಿ

ಒರೆಸಿ ಫ್ಯಾನಿನ ಕೆಳಗೆ ಇಟ್ಟೆ. ಊಟ ನೆಲದ ಮೇಲೆ ಆಯಿತು. ಬಲಿತದ್ದು ಅಂತ ಗೊತ್ತಾಗುವುದು ಹೇಗೆ? ನನಗೆ ಎಲ್ಲ ಒಂದೇ ಥರ ಕಾಣುತ್ತಿದೆ.

ಹಿರಿಯಡ್ಕ_ತೋಟ · ಮೇ 28, ಬೆಳಗ್ಗೆ

ಬುಡ ನೋಡಿ, ತೊಟ್ಟಿನ ಎದುರು ಬದಿ. ಬಲಿತ ಕಾಯಿಯಲ್ಲಿ ಆ ಕಡೆ ಹಸಿರು ತೆಳುವಾಗಿ ಬಿಳಿ ತಿರುಗಿರುತ್ತದೆ. ಮೈ ನುಣುಪು, ಮಿಂಚು ಉಂಟು. ಎಳತು ಕಡು ಹಸಿರು, ಕಲ್ಲಿನ ಹಾಗೆ.

ಸಂಶಯ ಬಂದರೆ ಒಂದನ್ನು ಬಲಿ ಕೊಡಿ. ಹರಿತ ಚೂರಿಯಲ್ಲಿ ಅಡ್ಡಕ್ಕೆ ಕತ್ತರಿಸಿ. ಒಳಗೆ ಬೀಜದ ಸುತ್ತ ಲೋಳೆ ಬಂದಿದ್ದರೆ, ಬೀಜ ಚೂರಿಗೆ ಸಿಗದೆ ಜಾರಿ ಹೋದರೆ ಬಲಿತದ್ದು. ಬೀಜವೂ ಚೂರಿಗೆ ಸಿಕ್ಕಿ ಎರಡು ಹೋಳಾದರೆ ಆ ಗಾತ್ರದ್ದೆಲ್ಲ ಅಡುಗೆಗೆ.

ಮಣಿಪಾಲ_ಸಸ್ಯ · ಮೇ 28, ಬೆಳಗ್ಗೆ

ಹಿರಿಯಡ್ಕದವರು ಹೇಳಿದ್ದು ಸರಿ. ಕಾರಣ ಸ್ವಲ್ಪ ಹೇಳುತ್ತೇನೆ. ಪಾಠ ಅಂತ ಬೈಯಬೇಡಿ, ನನ್ನ ಕೆಲಸವೇ ಅದು.

ಬಾಳೆ, ಮಾವು, ಹಲಸು, ಟೊಮೆಟೊ ಇವೆಲ್ಲ ಕೊಯ್ದ ಮೇಲೂ ಹಣ್ಣಾಗುವ ಗುಂಪಿನವು. ಮುಸುಂಬಿ, ದ್ರಾಕ್ಷಿ, ಅನಾನಸು ಹಾಗಲ್ಲ, ಕೊಯ್ದಾಗ ಎಷ್ಟು ಸಿಹಿಯೋ ಅಷ್ಟೇ. ಟೊಮೆಟೊ ಬಲಿತ ಮೇಲೆ ತಾನೇ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಸ್ವಲ್ಪ ಅನಿಲ ತಗುಲಿದರೆ ಸಾಕು, ಕಾಯಿ ಇನ್ನಷ್ಟು ತಯಾರು ಮಾಡುತ್ತದೆ. ಅದಕ್ಕೇ ಬುಟ್ಟಿಯಲ್ಲಿ ಒಂದು ಹಣ್ಣಾದರೆ ಪಕ್ಕದ್ದಕ್ಕೂ ಅವಸರ. ಹಣ್ಣು ಬಾಳೆಯ ಜೊತೆ ಇಡಿ ಅಂತ ಹೇಳುವುದು ಇದಕ್ಕೆ. ಎಳೆಕಾಯಿಗೆ ಈ ಅನಿಲ ಹಾಕಿದರೂ ಸರಿಯಾಗಿ ಓಗೊಡುವುದಿಲ್ಲ.

ಬೆಳಕು ಬೇಕಾಗಿಯೇ ಇಲ್ಲ. ಕಿಟಕಿಯ ಬಿಸಿಲಿಗೆ ಇಡುವುದು ಸುಮ್ನೆ ಅಭ್ಯಾಸ.

ಕಾಪು ಅಕ್ಕನ "ಬೆಚ್ಚಗೆ" ಅನ್ನುವ ಮಾತಿಗೆ ನನ್ನದೊಂದು ತಕರಾರು. ಟೊಮೆಟೊದ ಕೆಂಪು ಬಣ್ಣ ಲೈಕೊಪೀನ್‌ನಿಂದ. ಅದಕ್ಕೆ 20ರಿಂದ 25 ಡಿಗ್ರಿ ಹಿತ. 30 ದಾಟಿದರೆ ಲೈಕೊಪೀನ್ ಕಟ್ಟುವ ಕೆಲಸ ನಿಲ್ಲುತ್ತದೆ, ಹಳದಿ ಬಣ್ಣದ ಕೆರೊಟಿನ್ ಮಾತ್ರ ಮುಂದುವರಿಯುತ್ತದೆ. ಹಣ್ಣು ಮೆತ್ತಗಾಗುತ್ತದೆ, ಆದರೆ ಕಿತ್ತಳೆ ಬಣ್ಣದಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಗಿಡದಲ್ಲೇ ಬಿಟ್ಟ ಟೊಮೆಟೊ ಪೇಲವ ಆಗುವುದೂ ಇದರಿಂದಲೇ. ಆದ್ದರಿಂದ ನಮ್ಮೂರಲ್ಲಿ ಬೆಚ್ಚಗಿನ ಜಾಗ ಹುಡುಕಬೇಡಿ, ಮನೆಯ ಅತಿ ತಂಪಾದ ಮೂಲೆ ಹುಡುಕಿ.

ಹಾಗಂತ ಫ್ರಿಜ್ಜಿಗೆ ಹಾಕಬೇಡಿ. 12 ಡಿಗ್ರಿಗಿಂತ ಕೆಳಗೆ ಕಾಯಿಗೆ ಚಳಿಯ ಪೆಟ್ಟು ಬೀಳುತ್ತದೆ. ಮತ್ತೆ ಹೊರಗೆ ತೆಗೆದಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ, ಮೈಯಲ್ಲಿ ಗುಳಿ ಬೀಳುತ್ತದೆ.

ಕಾಪು_ಅಕ್ಕ · ಮೇ 28, ಬೆಳಗ್ಗೆ

ನಾವು ಐವತ್ತು ವರ್ಷದಿಂದ ಬೆಚ್ಚಗೆ ಇಟ್ಟೇ ಹಣ್ಣು ತಿಂದದ್ದು ತಮ್ಮಾ. ಯಾರೂ ಸಾಯಲಿಲ್ಲ.

ಮಣಿಪಾಲ_ಸಸ್ಯ · ಮೇ 28, ಬೆಳಗ್ಗೆ

ಸಾಯುವುದಿಲ್ಲ ಅಕ್ಕಾ. ಬಣ್ಣ ಬರುವುದಿಲ್ಲ ಅಂತ ಅಷ್ಟೇ ಹೇಳಿದ್ದು.

ಟೊರೊಂಟೊ_ಸುರತ್ಕಲ್ · ಮೇ 28, ಮಧ್ಯಾಹ್ನ

ಹಿಮದ ಕಡೆಯವನು ನಾನೇ. ಇಲ್ಲಿ ಅಕ್ಟೋಬರ್ ಹೊತ್ತಿಗೆ ಒಂದು ರಾತ್ರಿ ಹೆಪ್ಪುಗಟ್ಟುವ ಚಳಿ ಬಂದರೆ ಮುಗಿಯಿತು, ಬೆಳಗ್ಗೆ ಗಿಡ ಬೇಯಿಸಿದ ಬಸಳೆಯ ಹಾಗೆ ಕಪ್ಪಾಗಿ ಮಲಗಿರುತ್ತದೆ. ಹಾಗಾಗಿ ಎಲ್ಲರೂ ಮೊದಲೇ ಕೊಯ್ಯುತ್ತಾರೆ. ಒಂದೊಂದನ್ನೇ ಪೇಪರಿನಲ್ಲಿ ಸುತ್ತಿ ರಟ್ಟಿನ ಬಾಕ್ಸಲ್ಲಿ ನೆಲಮಾಳಿಗೆಯಲ್ಲಿ ಇಟ್ಟರೆ ನವೆಂಬರ್‌ವರೆಗೂ ಒಂದೊಂದಾಗಿ ಹಣ್ಣಾಗುತ್ತದೆ. ಅಲ್ಲಿ 14–15 ಡಿಗ್ರಿ ಇರುತ್ತದೆ, ನಿಧಾನ. ಇನ್ನು ಕೆಲವರು ಗಿಡವನ್ನೇ ಬೇರು ಸಮೇತ ಕಿತ್ತು ತಲೆಕೆಳಗೆ ನೇತುಹಾಕುತ್ತಾರೆ. ನೀವೂ ಅದನ್ನು ಮಾಡಿ ನೋಡಬಹುದು.

ಬಿಜೈ_ತಾರಸಿ · ಮೇ 28, ಮಧ್ಯಾಹ್ನ

ಇಲ್ಲಿ ಬನಿಯನ್ ಒಣಗಲಿಕ್ಕೆ ನಾಲ್ಕು ದಿನ ಬೇಕು ಮಾರಾಯ್ರೆ. ಇನ್ನು ಗಿಡ ನೇತುಹಾಕಿದರೆ ಅದರ ಮೇಲೆ ಅಣಬೆ ಬರುತ್ತದೆ.

ಹಿರಿಯಡ್ಕ_ತೋಟ · ಮೇ 28, ಮಧ್ಯಾಹ್ನ

ಹೌದು, ಅದು ಒಣ ಹವೆಯವರ ವಿದ್ಯೆ. ನಮ್ಮಲ್ಲಿ ಒದ್ದೆ ಎಲೆಯ ರೋಗವೆಲ್ಲ ಕಾಯಿಗೆ ಇಳಿಯುತ್ತದೆ. ಕಾಯಿಯ ಮೇಲೆ ಕಂದು ಬಣ್ಣದ ಒರಟು ಮಚ್ಚೆ ಕಂಡರೆ ಅಂಗಮಾರಿ ರೋಗ ಅಂತ ತಿಳಿದುಕೊಳ್ಳಿ. ಅದು ಪೆಟ್ಟಿಗೆಯೊಳಗೂ ಮುಂದುವರಿಯುತ್ತದೆ. ಅಂಥದ್ದನ್ನು ಇಡಬೇಡಿ.

ಸುಮ್ನೆ_ಓದುವವ · ಮೇ 28, ಸಂಜೆ

ಮಾವಿನಕಾಯಿಗೆ ಹಾಕುವ ಪುಡಿ ಒಂದು ಚಿಟಿಕೆ ಪೊಟ್ಟಣ ಕಟ್ಟಿ ಇಟ್ಟರೆ ಎರಡೇ ದಿನ. ಇಷ್ಟು ಚರ್ಚೆ ಯಾಕೆ?

ಮಣಿಪಾಲ_ಸಸ್ಯ · ಮೇ 28, ಸಂಜೆ

ಅದು ಕ್ಯಾಲ್ಸಿಯಂ ಕಾರ್ಬೈಡ್. ಹಣ್ಣು ಮಾಡಲಿಕ್ಕೆ ಬಳಸುವುದನ್ನು ಕಾನೂನಿನಲ್ಲೇ ನಿಷೇಧಿಸಿದ್ದಾರೆ. ತೇವ ತಗುಲಿದರೆ ಅಸಿಟಿಲೀನ್ ಬಿಡುತ್ತದೆ, ಜೊತೆಗೆ ಆರ್ಸೆನಿಕ್, ರಂಜಕದ ಅಂಶವೂ ಇರುತ್ತದೆ. ವ್ಯಾಪಾರಿಗಳು ಕೋಣೆಯಲ್ಲಿ ಎಥಿಲೀನ್ ಅನಿಲ ಬಿಟ್ಟು ಮಾಡುವುದಕ್ಕೆ ಅನುಮತಿ ಉಂಟು, 100 ಪಿಪಿಎಂವರೆಗೆ. ಮನೆಯಲ್ಲಿ ಅದರ ಅಗತ್ಯ ಇಲ್ಲ. ಒಂದು ಬಾಳೆಹಣ್ಣು ಸಾಕು.

ಸುಮ್ನೆ_ಓದುವವ · ಮೇ 28, ಸಂಜೆ

ಸರಿ ಸರಿ. ನಾನು ಓದುತ್ತೇನೆ ಅಷ್ಟೇ.

ಬಿಜೈ_ತಾರಸಿ · ಮೇ 28, ರಾತ್ರಿ

ಒಂದು ಮಧ್ಯಮ ಗಾತ್ರದ್ದನ್ನು ಕತ್ತರಿಸಿದೆ. ಬೀಜ ಜಾರಿತು, ಲೋಳೆ ಉಂಟು. ಗೋಲಿಗಿಂತ ಸ್ವಲ್ಪ ದೊಡ್ಡದನ್ನು ಕತ್ತರಿಸಿದರೆ ಬೀಜವೆಲ್ಲ ಹೋಳು. ಹಾಗಾಗಿ ಅಂಥ ಸಣ್ಣದು ಹತ್ತು ಬೇರೆ ತೆಗೆದೆ. ಒಡೆದದ್ದು ಮೊದಲೇ ಗಿಡದ ಬುಡಕ್ಕೆ ಬಿಟ್ಟಿದ್ದೆ, ಅದು ಈ ಲೆಕ್ಕದಲ್ಲಿಲ್ಲ.

ಉಳಿದದ್ದು 31. ಎಲ್ಲರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳುವ ಅಂತ ಭಾಗ ಮಾಡಿದ್ದೇನೆ. 15 ರಟ್ಟಿನ ಬಾಕ್ಸಿಗೆ, ಕೆಳಗೆ ಪೇಪರ್ ಹಾಸಿ, ಒಂದಕ್ಕೊಂದು ತಾಗದ ಹಾಗೆ ಒಂದೇ ಸಾಲು, ತೊಟ್ಟಿನ ಬದಿ ಕೆಳಗೆ ಮಾಡಿ. ಬಾಕ್ಸ್ ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ, ಬೇರೆ ಜಾಗ ಇಲ್ಲ. ಆರು ಕಾಯಿ ಬೇಕರಿಯ ಕಾಗದದ ಚೀಲದಲ್ಲಿ ಒಂದು ಕದಳಿ ಬಾಳೆಹಣ್ಣಿನ ಜೊತೆ. ಐದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಾಯಿ ಕಟ್ಟಿ, ಅದಕ್ಕೂ ಒಂದು ಕದಳಿ. ಐದು ಕಿಟಕಿಯಲ್ಲಿ. ಇದು ಅಮ್ಮನ ಹಟ.

ಮಲ್ಪೆ_ಬಂದರು · ಮೇ 29, ಬೆಳಗ್ಗೆ

ಆ ಹತ್ತು ಸಣ್ಣದು ಬಿಸಾಡಬೇಡಿ. ಜೂನ್ 1ಕ್ಕೆ ಬೋಟು ಬಂದ್, ಮತ್ತೆ 61 ದಿನ ತಾಜಾ ಮೀನಿಗೆ ಬರಗಾಲ. ಅಷ್ಟರೊಳಗೆ ಸ್ವಲ್ಪ ಸಿಗಡಿ ತನ್ನಿ. ಕಾಯಿ ಟೊಮೆಟೊ ನಾಲ್ಕು ಹೋಳು ಮಾಡಿ ಸಿಗಡಿ ಗಸಿಗೆ ಹಾಕಿದರೆ ಹುಣಸೆಹುಳಿ ಅರ್ಧ ಸಾಕು. ಹುಳಿ ಬೇರೆಯೇ ಥರ ಬರುತ್ತದೆ, ಸ್ವಲ್ಪ ಒಗರು. ಮಸಾಲೆ ಕುದಿಯುವಾಗಲೇ ಹಾಕಿ, ಸಿಗಡಿ ಕೊನೆಗೆ.

ಕಾಪು_ಅಕ್ಕ · ಮೇ 29, ಬೆಳಗ್ಗೆ

ಮೀನು ತಿನ್ನದವರಿಗೆ ಚಟ್ನಿ ಹೇಳುತ್ತೇನೆ. ಕಾಯಿ ಟೊಮೆಟೊ ಹೆಚ್ಚಿ, ತೆಂಗಿನೆಣ್ಣೆಯಲ್ಲಿ ಹಸಿಮೆಣಸಿನ ಜೊತೆ ಬಾಡಿಸಿ. ಬಣ್ಣ ಹಸಿರಿನಿಂದ ಮಂಕಾಗಿ, ಚಮಚದಲ್ಲಿ ಒತ್ತಿದರೆ ಮಣಿಯುವಷ್ಟು. ತೆಂಗಿನತುರಿ, ಉಪ್ಪು, ಚೂರು ಬೆಲ್ಲ ಹಾಕಿ ಅರೆಯಿರಿ, ನುಣ್ಣಗೆ ಬೇಡ. ಸಾಸಿವೆ, ಕರಿಬೇವಿನ ಒಗ್ಗರಣೆ. ಬೆಲ್ಲ ಮರೆತರೆ ಒಗರು ನಾಲಗೆಗೆ ಹಿಡಿಯುತ್ತದೆ. ನೀರುದೋಸೆಗೆ ಚೆನ್ನ, ಕುಚ್ಚಲಕ್ಕಿ ಗಂಜಿಗೆ ಇನ್ನೂ ಚೆನ್ನ.

ಸುಮ್ನೆ_ಓದುವವ · ಮೇ 29, ಬೆಳಗ್ಗೆ

ಹಸಿರು ಟೊಮೆಟೊ ವಿಷ ಅಂತ ಎಲ್ಲೋ ಓದಿದ ನೆನಪು?

ಮಣಿಪಾಲ_ಸಸ್ಯ · ಮೇ 29, ಬೆಳಗ್ಗೆ

ಟೊಮ್ಯಾಟಿನ್ ಅನ್ನುವ ಕಹಿ ಅಂಶ ಕಾಯಿಯಲ್ಲಿ ಉಂಟು, ಹಣ್ಣಾಗುತ್ತಾ ಕಡಿಮೆಯಾಗುತ್ತದೆ. ಚಟ್ನಿ, ಗಸಿ ಅಂತ ಮಿತವಾಗಿ ತಿಂದರೆ ಏನೂ ಆಗುವುದಿಲ್ಲ. ಎಳೆಕಾಯಿಯನ್ನು ಬಟ್ಟಲುಗಟ್ಟಲೆ ಹಸಿಯಾಗಿ ತಿನ್ನುವವರು ಯಾರೂ ಇಲ್ಲ, ಅಲ್ವಾ?

ಬ್ರಹ್ಮಾವರ_ಹೊಸಬ · ಮೇ 29, ರಾತ್ರಿ

ಮಧ್ಯದಲ್ಲಿ ಬಂದದ್ದಕ್ಕೆ ಕ್ಷಮಿಸಿ. ನನ್ನ ಗಿಡ ಮಳೆಗೆ ಬಿದ್ದದ್ದಲ್ಲ. ಬೆಳಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಬಾಡಿತು, ಎರಡು ದಿನದಲ್ಲಿ ಹಸಿರು ಎಲೆ ಇದ್ದ ಹಾಗೆಯೇ ಸತ್ತಿತು. ನೀರು ಹಾಕಿದರೂ ಏಳಲಿಲ್ಲ. ಅದರಲ್ಲಿ 12 ಕಾಯಿ ಉಂಟು. ಇದನ್ನೂ ಹಣ್ಣಿಗೆ ಹಾಕಬಹುದಾ?

ಹಿರಿಯಡ್ಕ_ತೋಟ · ಮೇ 29, ರಾತ್ರಿ

ಅದು ಸೊರಗು ರೋಗ. ನಮ್ಮ ಕರಾವಳಿಯ ಹುಳಿ ಮಣ್ಣಿನಲ್ಲಿ ಟೊಮೆಟೊ ಬೆಳೆಯುವವರಿಗೆ ಇದೇ ದೊಡ್ಡ ತಲೆನೋವು. ಖಚಿತ ಮಾಡಬೇಕಾದರೆ ಬುಡದ ಹತ್ತಿರ ಕಾಂಡವನ್ನು ಒಂದು ಗೇಣು ಕತ್ತರಿಸಿ. ಗಾಜಿನ ಲೋಟದ ತಿಳಿ ನೀರಿನಲ್ಲಿ ಕಡಿದ ತುದಿ ಮುಳುಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ತುದಿಯಿಂದ ಹಾಲಿನಂಥ ಎಳೆ ನೀರಿಗೆ ಇಳಿದರೆ ಅದೇ. ಎಳೆ ಎಳೆಯಾಗಿ ಇಳಿಯುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಅದು.

ಕಾಯಿ ಬಲಿತಿದ್ದರೆ ಹಣ್ಣಿಗೆ ಹಾಕಿ, ತಿನ್ನಿ. ಗಿಡದ ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಆದರೆ ಆ ಜಾಗದಲ್ಲಿ ಮತ್ತೆ ಟೊಮೆಟೊ, ಬದನೆ, ಮೆಣಸು ಹಾಕಬೇಡಿ. ಮುಂದಿನ ಸಲ ಅರ್ಕಾ ರಕ್ಷಕ್ ಹಾಕಿ ನೋಡಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ, ಸೊರಗು ರೋಗ ತಡೆಯುತ್ತದೆ. ನಿಮ್ಮ ಊರಲ್ಲೇ ಕೃಷಿ ಸಂಶೋಧನಾ ಕೇಂದ್ರ ಉಂಟಲ್ಲ, ಹೋಗಿ ಕೇಳಿ. ಟೊಮೆಟೊ ನೆಡುವುದು ಮಳೆ ಹೋದ ಮೇಲೆ, ಅಕ್ಟೋಬರ್ ಕಳೆದು. ಫೆಬ್ರವರಿ ಕೊನೆಗೆ ನೆಡುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಬಿಜೈ_ತಾರಸಿ · ಮೇ 29, ರಾತ್ರಿ

ಕೇಳಿಸಿತು.

ಬಿಜೈ_ತಾರಸಿ · ಜೂನ್ 1, ಸಂಜೆ

ನಾಲ್ಕು ದಿನದ ವರದಿ. ತೊಟ್ಟೆಯ ಐದು ಕಾಯಿಯ ಕಥೆ ಮುಗಿಯಿತು. ಎರಡನೇ ದಿನವೇ ತೊಟ್ಟೆಯ ಒಳಗೆ ಹನಿ ಕಟ್ಟಿತ್ತು. ನೋಡಿಯೂ ಸುಮ್ಮನಿದ್ದೆ. ಇವತ್ತು ಬಿಚ್ಚಿದರೆ ಹುಳಿ ವಾಸನೆ. ಮೂರರ ತೊಟ್ಟಿನ ಗುಳಿಯಲ್ಲಿ ಹತ್ತಿಯ ಹಾಗೆ ಬಿಳಿ ಬೂಷ್ಟು, ಕದಳಿ ಕಪ್ಪಾಗಿ ಕರಗಿ ಎಲ್ಲದರ ಮೈಗೆ ಅಂಟಿದೆ. ಉಳಿದ ಎರಡನ್ನು ಒರೆಸಿ ಕಾಗದದ ಚೀಲಕ್ಕೆ ಹಾಕಿದೆ.

ಕಾಗದದ ಚೀಲದಲ್ಲಿ ಮೂರಕ್ಕೆ ಬಣ್ಣ ತಿರುಗಿದೆ. ಕದಳಿ ಸಿಪ್ಪೆ ಬಿರಿಯುವ ಮೊದಲೇ ಬದಲಿಸಿದೆ. ಇರುವೆ ಬಂದಿತ್ತು, ಸ್ಟೂಲಿನ ಮೇಲೆ ಇಟ್ಟು ಕಾಲಿನ ಕೆಳಗೆ ನೀರಿನ ತಟ್ಟೆ ಇಟ್ಟಿದ್ದೇನೆ.

ಫ್ರಿಜ್ಜಿನ ಮೇಲಿನ ಬಾಕ್ಸಿನಲ್ಲಿ ಮೊದಲೇ ಕೆಂಪು ತಿರುಗಿದ್ದ ಕಾಯಿ ಮೆತ್ತಗಾಗಿವೆ. ಆದರೆ ಬಣ್ಣ ಮಾತ್ರ ಗೇರುಹಣ್ಣಿನ ಹಳದಿ! ಥರ್ಮಾಮೀಟರ್ ಇಟ್ಟು ನೋಡಿದೆ, ಅಲ್ಲಿ 33 ಡಿಗ್ರಿ. ಫ್ರಿಜ್ಜಿನ ಹಿಂದಿನ ಬಿಸಿಯೆಲ್ಲ ಮೇಲೆ ಬರುತ್ತದೆ ಅಂತ ಹೊಳೆದೇ ಇರಲಿಲ್ಲ. ಮಣಿಪಾಲದವರ ಮಾತು ನೆನಪಾಗಿ, ಮನೆಯ ಮೂಲೆ ಮೂಲೆ ಅಳೆದೆ. ಅಜ್ಜನ ಕಾಲದ ಮಂಚದ ಅಡಿಯಲ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ 27. ಬಾಕ್ಸ್ ಅಲ್ಲಿಗೆ ಹೋಯಿತು.

ಮಣಿಪಾಲ_ಸಸ್ಯ · ಜೂನ್ 1, ರಾತ್ರಿ

ಒಳ್ಳೆ ಕೆಲಸ. ಮಳೆ ಹಿಡಿದ ಮೇಲೆ ಹಗಲಿನ ಬಿಸಿಯೂ 28–29ಕ್ಕೆ ಇಳಿಯುತ್ತದೆ, ಮೇ ತಿಂಗಳ 33–34 ಇರುವುದಿಲ್ಲ. ಬಣ್ಣದ ಮಟ್ಟಿಗೆ ಮಳೆ ನಿಮ್ಮ ಕಡೆಯೇ ಉಂಟು. ತೇವದ ಮಟ್ಟಿಗೆ ಮಾತ್ರ ವೈರಿ. ಕೆಳಗಿನ ಪೇಪರ್ ಮೆತ್ತಗಾದರೆ ಬದಲಿಸಿ, ಬಾಕ್ಸಿನ ಮುಚ್ಚಳ ಪೂರ್ತಿ ಮುಚ್ಚಬೇಡಿ.

ಮಲ್ಪೆ_ಬಂದರು · ಜೂನ್ 2, ಬೆಳಗ್ಗೆ

ಇಲಿ ಉಂಟಾ ನೋಡಿ ಮಂಚದ ಅಡಿಯಲ್ಲಿ.

ಬಿಜೈ_ತಾರಸಿ · ಜೂನ್ 2, ಬೆಳಗ್ಗೆ

ಬೆಕ್ಕು ಉಂಟು. ಬಾಕ್ಸಿನೊಳಗೇ ಮಲಗಲಿಕ್ಕೆ ನೋಡಿತು.

ಟೊರೊಂಟೊ_ಸುರತ್ಕಲ್ · ಜೂನ್ 3, ಬೆಳಗ್ಗೆ

ಹಲಸಿನ ಹಣ್ಣಿನ ಕಾಲ ಅಲ್ವಾ ಅಲ್ಲಿ? ಕದಳಿಯ ಬದಲು ಒಂದು ತುಂಡು ಹಲಸು ಇಟ್ಟರೆ?

ಹಿರಿಯಡ್ಕ_ತೋಟ · ಜೂನ್ 3, ಬೆಳಗ್ಗೆ

ಹಣ್ಣಾಗುತ್ತದೆ. ಊರಿನ ನುಸಿ ಎಲ್ಲ ಬಿಜೈಯಲ್ಲಿ ಸೇರುತ್ತದೆ. ನಿಮಗೆ ಹಲಸು ತಿನ್ನುವ ಆಸೆ ಆದದ್ದು ಗೊತ್ತಾಯಿತು, ಊರಿಗೆ ಬನ್ನಿ.

ಬಿಜೈ_ತಾರಸಿ · ಜೂನ್ 10, ರಾತ್ರಿ

ಕೊನೆಯ ಲೆಕ್ಕ ಹೇಳಿ ಮುಗಿಸುತ್ತೇನೆ, ಕೊಯ್ದು ಎರಡು ವಾರ ಆಯಿತು.

ಕದಳಿಯ ಜೊತೆ ಕಾಗದದ ಚೀಲದಲ್ಲಿದ್ದ ಆರೂ ಎಂಟು ದಿನದಲ್ಲಿ ಹಣ್ಣು. ತೊಟ್ಟೆಯಿಂದ ಪಾರಾಗಿ ಬಂದ ಎರಡರಲ್ಲಿ ಒಂದು ಉಳಿಯಿತು. ಅವಸರ ಇದ್ದವರಿಗೆ ಇದು ಒಳ್ಳೆಯದು. ಆದರೆ ಎಲ್ಲ ಒಟ್ಟಿಗೆ ಹಣ್ಣಾಗಿ ಎರಡು ದಿನ ಸಾರು, ಗೊಜ್ಜು, ಮತ್ತೆ ಸಾರು.

ಬಾಕ್ಸಿನ 15ರಲ್ಲಿ 11 ಹಣ್ಣಾಗಿ ಅಡುಗೆಗೆ ಹೋಯಿತು, ಎರಡು ಕೊಳೆತಿತು, ಎರಡು ಇನ್ನೂ ಉಂಟು. ಮಂಚದ ಅಡಿಗೆ ಹೋದ ಮೇಲೆ ತಿರುಗಿದವು ಒಳ್ಳೆ ಕೆಂಪು. ಫ್ರಿಜ್ಜಿನ ಮೇಲೆ ಮೆತ್ತಗಾದದ್ದನ್ನು ಅವುಗಳ ಪಕ್ಕ ಇಟ್ಟರೆ ಒಂದೇ ಗಿಡದ್ದು ಅಂತ ಯಾರೂ ನಂಬುವುದಿಲ್ಲ. ರುಚಿಯಲ್ಲೂ ಹಳದಿಯದ್ದು ಸಪ್ಪೆ. ಕೆಂಪಾದದ್ದು ಗಿಡದಲ್ಲೇ ಹಣ್ಣಾದಷ್ಟು ಸಿಹಿ ಅಂತ ಹೇಳುವುದಿಲ್ಲ, ಅಂಗಡಿಯದ್ದಕ್ಕಿಂತ ಖಂಡಿತ ಮೇಲು. ಕೊಯ್ಯುವಾಗಲೇ ಬುಡ ಕೆಂಪಾಗಿದ್ದ ಒಂದು ಮಾತ್ರ ಹೇಗೋ ಮಂಚದ ಅಡಿಗೆ ಸೇರಿತ್ತು, ಅದನ್ನು ಹೋಳು ಮಾಡಿ ಉಪ್ಪು ಹಾಕಿ ಹಾಗೆಯೇ ತಿಂದೆವು.

ಕಿಟಕಿಯ ಐದು? ಮಳೆಯ ನಡುವೆ ಮೂರು ದಿನ ಮಧ್ಯಾಹ್ನ ಬಿಸಿಲು ಬಂತು. ಗಾಜಿನ ಬದಿ ಬಿಳಚಿಕೊಂಡು ಸುಕ್ಕಾಯಿತು, ಆಚೆ ಬದಿ ಮಾತ್ರ ಕೆಂಪು. ಅಮ್ಮ ಈಗ ಅದು ಹೆಂಡತಿಯ ಐಡಿಯಾ ಅನ್ನುತ್ತಿದ್ದಾಳೆ.

ಎಳೆಕಾಯಿ ಹತ್ತರಲ್ಲಿ ಎಂಟು ಅಕ್ಕನ ಚಟ್ನಿಗೆ. ಬೆಲ್ಲ ಹಾಕಿದ್ದೆವು. ನೀರುದೋಸೆ ಸಾಕಾಗಲಿಲ್ಲ. ಎರಡನ್ನು ಪರೀಕ್ಷೆಗೆ ಅಂತ ಬಾಕ್ಸಿನ ಮೂಲೆಯಲ್ಲಿ ಇಟ್ಟಿದ್ದೆ. ಹಸಿರಾಗಿಯೇ ಒಣಗಿ ಮುದುಕನ ಗಲ್ಲದ ಹಾಗೆ ಆಗಿವೆ.

ಇನ್ನೊಂದು ವಿಷಯ. ದಿನಾ ಬೆಳಗ್ಗೆ ಚಹಾ ಕುಡಿಯುವ ಮೊದಲು ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದೆ. ಕೊಳೆತ ಎರಡೂ ಒಂದು ಭಾನುವಾರ ನಾನು ನೋಡದೆ ಬಿಟ್ಟಾಗ ಆದದ್ದು. ಒಂದರಿಂದ ನೀರು ಇಳಿದು ಪೇಪರ್ ನೆನೆದು ಪಕ್ಕದ್ದನ್ನೂ ಹಿಡಿಯಿತು.

ಹಿರಿಯಡ್ಕ_ತೋಟ · ಜೂನ್ 10, ರಾತ್ರಿ

ಮುಂದಿನ ನವೆಂಬರ್‌ನಲ್ಲಿ ನೆನಪು ಮಾಡುತ್ತೇನೆ. ಬೀಜ ನಾನು ಕೊಡುತ್ತೇನೆ.

ಕಾಪು_ಅಕ್ಕ · ಜೂನ್ 11, ಬೆಳಗ್ಗೆ

ಈಗ ಹೇಳಬಹುದು. ಈ ಚರ್ಚೆ ನೋಡಿ ನಾನೂ ಮೂರು ಕಾಯಿ ಅಕ್ಕಿ ಡಬ್ಬಿಯಲ್ಲಿ ಹೂತಿದ್ದೆ, ನಿಮಗೆಲ್ಲ ತೋರಿಸುವ ಅಂತ. ಎರಡು ಚೆನ್ನಾಗಿಯೇ ಹಣ್ಣಾಯಿತು. ಮೂರನೆಯದು ಎಲ್ಲಿ ಹೂತದ್ದು ಅಂತ ಮರೆತುಹೋಯಿತು. ಮೊನ್ನೆ ಪಾವು ಹಾಕಿದಾಗ ಅಕ್ಕಿಯ ಜೊತೆ ಬಂತು. ಸುತ್ತಲಿನ ಎರಡು ಸೇರು ಅಕ್ಕಿ ನಾಲ್ಕು ಸಲ ತೊಳೆದು ಇಡ್ಲಿಗೆ ನೆನೆಹಾಕಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇಡ್ಲಿ ಮೆತ್ತಗೆ ಬಂದಿದೆ ಅಂದರು.